ಕಲ್ಯಾಣದ ನೆಲದಲ್ಲಿ ದಲಿತ ಉದ್ಯಮಿ

ಉದ್ಯಮವೆಂಬ ಸಂಸ್ಕೃತ ಶಬ್ದಕ್ಕೆ ಎತ್ತುವಿಕೆ, ಪ್ರಯತ್ನ ಎಂಬುದೇ ಮೂಲಾರ್ಥ. ವ್ಯಾಪಾರ, ಕೈಗಾರಿಕೆ ಎಂಬ ಅರ್ಥಗಳು ಅನಂತರ ಬಂದು ಸೇರಿದವು. ಪ್ರಯತ್ನವೊಂದೇ ಸಾಕಾಗಿದ್ದರೆ ನಮ್ಮಲ್ಲಿ ದಲಿತರಿಗಿಂತ ದೊಡ್ಡ ಉದ್ಯಮಿಗಳು ಇರುತ್ತಿರಲಿಲ್ಲ. 2011ರ ಜನಗಣತಿಯಂತೆ ಬೀದರ ಜಿಲ್ಲೆಯ ಜನರಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲೊಂದು ಪಾಲು ಪರಿಶಿಷ್ಟ ಜಾತಿಯವರು. ಆದರೂ ದುಡಿಮೆ ಅವರದಾಗಿ, ಒಡೆತನ ಪರರದಾಗಿರುವುದು ಏಕೆ?

ಬಸವಕಲ್ಯಾಣಕ್ಕೆ ಈ ಪ್ರಶ್ನೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಾಯಕಗಳಲ್ಲಿ ಮೇಲುಕೀಳಿಲ್ಲವೆಂದು ಬಸವಣ್ಣನವರೂ ಶರಣರೂ ಸಾರಿದ್ದು ಇಲ್ಲಿಯೇ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣಕುಲದಿಂದ ಬಂದ ಮಧುವರಸನ ಮಗಳಿಗೂ ಮದುವೆಯಾದಾಗ ರಾಜದಂಡನೆ ಬಿತ್ತೆಂದೂ, ಕಲ್ಯಾಣ ಕದಡಿತೆಂದೂ ಪರಂಪರೆ ಹೇಳುತ್ತದೆ. ಹರಳಯ್ಯನು ಹೊಲಿದ ಪಾದರಕ್ಷೆ ಎಲ್ಲರಿಗೂ ಬೇಕಾಗಿತ್ತು. ಅವನ ಸಂಬಂಧ ಮಾತ್ರ ಬೇಡವಾಗಿತ್ತು. ವ್ಯಾಪಾರವೂ ಒಂದು ಸಂಬಂಧವೇ ಅಲ್ಲವೆ?

ಹಳ್ಳಿಯ ಹಳೆಯ ವ್ಯವಸ್ಥೆಯನ್ನು ನೋಡಿರಿ. ತಂಗಡಿ ತೊಗಟೆಯಲ್ಲಿ ಚರ್ಮ ಹದಮಾಡಿ, ಕಪಿಲೆಗೆ ತೊಗಲ ಚೀಲ, ಎತ್ತಿಗೆ ಬಾರು, ರೈತನಿಗೆ ಮೆಟ್ಟು ಒದಗಿಸಿದವನಿಗೆ ಸುಗ್ಗಿಯಲ್ಲಿ ದೊರೆಯುತ್ತಿದ್ದುದು ಕಾಳಿನ ಆಯ. ಕಾಳು ಹೊಟ್ಟೆಗಾಯಿತು, ಬಂಡವಾಳವಾಗಲಿಲ್ಲ. ಮುಂದೆ ಬಾವಿಗೆ ಪಂಪು ಬಂತು, ಕಾಲಿಗೆ ರಬ್ಬರಿನ ಚಪ್ಪಲಿ ಬಂತು. ಕಸುಬು ಹೋಯಿತು, ಅದರ ಕಳಂಕ ಮಾತ್ರ ಹೋಗಲಿಲ್ಲ.

ಇಂದು ಅಂಥ ಮನೆಯ ತರುಣನು ಅಂಗಡಿ ತೆರೆಯಹೊರಟರೆ ಮೊದಲು ಕೇಳುವುದು ಅಡಮಾನ. ಪಿತ್ರಾರ್ಜಿತ ಭೂಮಿಯಿಲ್ಲದವನು ಏನನ್ನು ಇಟ್ಟಾನು? ಎರಡನೆಯದು ಜಾಮೀನು, ವ್ಯಾಪಾರಿಗಳ ಬಳಗದಲ್ಲಿ ಅವನಿಗೆ ಮಾವ ಭಾವಂದಿರಿಲ್ಲ. ಮೂರನೆಯದು ಗಿರಾಕಿ. ಕಬ್ಬಿಣ, ಸಿಮೆಂಟು ಮಾರಿದರೆ ಕುಲ ಕೇಳದವರೂ ಖಾನಾವಳಿಯಿಟ್ಟರೆ ಕೇಳುತ್ತಾರೆ. ಅಸ್ಪೃಶ್ಯತೆಯನ್ನು ಸಂವಿಧಾನವು 1950ರಲ್ಲಿಯೇ ತೊಡೆದುಹಾಕಿತು. ನಾಲಗೆಯ ರುಚಿಯಲ್ಲಿ ಅದು ಇನ್ನೂ ಅಡಗಿ ಕುಳಿತಿದೆ.

ಹಾಗೆಂದು ದಾರಿಗಳಿಲ್ಲದಿಲ್ಲ. 2016ರ ಏಪ್ರಿಲ್ 5ರಂದು ಆರಂಭವಾದ ಸ್ಟ್ಯಾಂಡ್ ಅಪ್ ಇಂಡಿಯಾ ಯೋಜನೆಯು, ಪ್ರತಿ ಬ್ಯಾಂಕ್ ಶಾಖೆಯೂ ಪರಿಶಿಷ್ಟ ಜಾತಿ ಅಥವಾ ಪಂಗಡದ ಒಬ್ಬರಿಗಾದರೂ, ಮಹಿಳೆಯೊಬ್ಬರಿಗಾದರೂ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ಸಾಲ ಕೊಡಬೇಕೆಂದು ವಿಧಿಸಿತು. ಸಾಲಗಾರನ ಕೈಯಿಂದ ಹಾಕಬೇಕಾದ ಪಾಲನ್ನು 2021ರಲ್ಲಿ ನೂರಕ್ಕೆ 25ರಿಂದ 15ಕ್ಕೆ ಇಳಿಸಲಾಯಿತು. ಕರ್ನಾಟಕದ ಸರಕಾರಿ ಕಾಮಗಾರಿಗಳಲ್ಲಿ ನೂರಕ್ಕೆ 17.15 ಪರಿಶಿಷ್ಟ ಜಾತಿಯ, 6.95 ಪರಿಶಿಷ್ಟ ಪಂಗಡದ ಗುತ್ತಿಗೆದಾರರಿಗೆ ಮೀಸಲಾದವು. 50 ಲಕ್ಷ ರೂಪಾಯಿಯ ಮಿತಿ 2023ರಲ್ಲಿ 1 ಕೋಟಿಗೇರಿತು. ಹುಮನಾಬಾದಿನಲ್ಲಿ ಹೆದ್ದಾರಿಯಿದೆ, ಕೈಗಾರಿಕಾ ಪ್ರದೇಶವಿದೆ. 2017ರಲ್ಲಿ ಪೂರ್ಣಗೊಂಡ ಬೀದರ–ಕಲಬುರಗಿ ರೈಲುಮಾರ್ಗವಿದೆ. ಬಸವಕಲ್ಯಾಣದ ಆಟೋನಗರದಲ್ಲಿ ಲಾರಿಗಳ ಕೆಲಸವಿದೆ. ಕೈಚಳಕವುಳ್ಳವನಿಗೆ ಇವೆಲ್ಲ ಕ್ಷೇತ್ರಗಳೇ.

ಅಮೆರಿಕೆಯ ಕರಿಯ ಜನರ ಕಥೆಯೂ ಇಂಥದೇ. ಗುಲಾಮಗಿರಿ ಅಳಿದ ಮೇಲೂ ಸಾಲ ದೊರೆಯದ ಅವರ ವರ್ತಕರನ್ನು 1900ರಲ್ಲಿ ಬುಕರ್ ಟಿ. ವಾಷಿಂಗ್ಟನ್ನರು ಬಾಸ್ಟನ್ ನಗರದಲ್ಲಿ ಒಂದು ಸಂಘವಾಗಿ ಕೂಡಿಸಿದರು. 1921ರಲ್ಲಿ ಟಲ್ಸಾ ಪಟ್ಟಣದಲ್ಲಿ ಅವರ ಏಳಿಗೆಯ ಪೇಟೆಯನ್ನು ಬಿಳಿಯರ ಗುಂಪು ಸುಟ್ಟಿತು. ಅವರು ಮತ್ತೆ ಕಟ್ಟಿದರು. ನಮ್ಮಲ್ಲಿಯೂ 2005ರಲ್ಲಿ ಮಿಲಿಂದ ಕಾಂಬಳೆಯವರು ಪುಣೆಯಲ್ಲಿ ದಲಿತ ವಾಣಿಜ್ಯ ಮಂಡಲವನ್ನು ಸ್ಥಾಪಿಸಿದರು. ಒಬ್ಬಂಟಿಗನಿಗಿಲ್ಲದ ಜಾಮೀನು ಸಂಘಕ್ಕೆ ಉಂಟು.

ತರುಣರಿಗೆ ನನ್ನ ಮಾತಿಷ್ಟೆ: ಲೆಕ್ಕದ ಪುಸ್ತಕ ದಿನವೂ ಬರೆಯಿರಿ, ಮೀಸಲಾದ ಗುತ್ತಿಗೆಗೆ ನಿಮ್ಮ ಹೆಸರನ್ನು ಪರರಿಗೆ ಬಾಡಿಗೆ ಕೊಡದಿರಿ. ಗೃಹಸ್ಥರಲ್ಲಿ ವಿಜ್ಞಾಪನೆಯೂ ಇಷ್ಟೆ: ಸರಕಾರವು ಸಾಲ ಕೊಡಬಹುದು, ಗಿರಾಕಿಯನ್ನು ಕೊಡಲಾರದು. ಮಳಿಗೆ ಬಾಡಿಗೆಗೆ ಕೊಡುವಾಗ, ಹಿಟ್ಟು, ಹಾಲು, ಊಟ ಕೊಳ್ಳುವಾಗ ಶುಚಿಯನ್ನು ನೋಡಿರಿ, ತೂಕವನ್ನು ನೋಡಿರಿ, ಬೆಲೆಯನ್ನು ಕೇಳಿರಿ, ಕುಲವನ್ನು ಕೇಳದಿರಿ.