ಜಾವಾ ಎಂಜಿನ್ನೂ ಕೂದಲೆಳೆಯ ಅಂತರವೂ

ಜುಲೈ ತಿಂಗಳ ಎರಡನೆಯ ಭಾನುವಾರದ ಬೆಳಗ್ಗೆ ಚಾಮರಾಜಪೇಟೆಯಲ್ಲಾಗಲಿ ಬಸವನಗುಡಿಯಲ್ಲಾಗಲಿ ಮನೆಯ ಜಗುಲಿಯ ಮೇಲೆ ಕುಳಿತವರಿಗೆ ಬೀದಿಯ ಗದ್ದಲದ ನಡುವೆ ಬೇರೆಯೇ ಬಗೆಯ ಒಂದು ಸದ್ದು ಕೇಳಿಸುವುದುಂಟು. ಲಯಬದ್ಧವಾದ ಒಂದು ಬಡಿತ, ಅದರ ಹಿಂದೆ ತೆಳುವಾದ ನೀಲಿ ಹೊಗೆ. ಅದು ಜಾವಾ ಅಥವಾ ಯೆಜ್ಡಿ ಮೋಟಾರು ಸೈಕಲ್ಲು. ಆ ಭಾನುವಾರ ಅವುಗಳ ಒಡೆಯರು ಒಂದೆಡೆ ಕೂಡುವ ದಿನ. ಅಂದು ಬರುವ ವಾಹನಗಳಲ್ಲಿ ಎಷ್ಟೋ ತಮ್ಮ ಸವಾರರಿಗಿಂತ ವಯಸ್ಸಿನಲ್ಲಿ ಹಿರಿಯವು.

1929ರಲ್ಲಿ ಪ್ರಾಗ್ ನಗರದಲ್ಲಿ ಯಾನೆಚೆಕ್ ಎಂಬುವರು ವಾಂಡರರ್ ಎಂಬ ಜರ್ಮನ್ ಕಂಪನಿಯ ಮಾದರಿಯನ್ನು ಕೊಂಡು ಮೋಟಾರು ಸೈಕಲ್ಲುಗಳನ್ನು ತಯಾರಿಸತೊಡಗಿದರು. ಎರಡು ಹೆಸರುಗಳ ಮೊದಲ ಭಾಗಗಳು ಸೇರಿ ‘ಜಾವಾ’ ಆಯಿತು. 1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಈ ವಾಹನಗಳು ಹೊರಬೀಳತೊಡಗಿದವು. 1970ರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ, ಹೀಗೆ ಎರಡು ಹೆಸರುಗಳೂ ಮಾರುಕಟ್ಟೆಗೆ ಮರಳಿ ಬಂದಿವೆಯಾದರೂ ಅವು ಬೇರೆ ಎಂಜಿನ್ನಿನ ಬೇರೆ ವಾಹನಗಳು. ಹಾಗಾದರೆ ತಯಾರಿಸಿದ ಕಾರ್ಖಾನೆಯೇ ಇಲ್ಲವಾದ ಮೇಲೆ ಹಳೆಯವು ಇನ್ನೂ ಓಡುತ್ತಿರುವುದು ಹೇಗೆ?

ಈ ಪ್ರಶ್ನೆಗೆ ಉತ್ತರ ನಮಗೆ ದೊರೆತದ್ದು ಬಸವನಗುಡಿಯ ಒಂದು ಮನೆಯ ಹಿತ್ತಲಿನಲ್ಲಿ. ನಿವೃತ್ತ ಅಧ್ಯಾಪಕರೊಬ್ಬರು ತಮ್ಮ 1969ರ ಜಾವಾವನ್ನು ತೋರಿಸಲು ನಮ್ಮನ್ನು ಕರೆದಿದ್ದರು. ಭೌತಶಾಸ್ತ್ರ ಕಲಿಸುವವರಿಗೆ ಎಂಜಿನ್ನು ರಿಪೇರಿಯೂ ಬರುತ್ತದೆಂದು ಅವರು ನಂಬಿದ್ದರು. ಆ ನಂಬಿಕೆಗೆ ಆಧಾರವೇನೂ ಇರಲಿಲ್ಲ. ಅದೃಷ್ಟವಶಾತ್, ಐವತ್ತು ವರ್ಷಗಳಿಂದ ಇದೇ ಕೆಲಸ ಮಾಡಿದ ಮೆಕ್ಯಾನಿಕ್ಕರೊಬ್ಬರೂ ಅಲ್ಲಿದ್ದರು.

ವಾಹನದ ರೋಗಲಕ್ಷಣ ವಿಚಿತ್ರವಾಗಿತ್ತು. ಹಲವು ವರ್ಷ ನಿಂತೇ ಇದ್ದುದನ್ನು ಮತ್ತೆ ಓಡಿಸಹೊರಟಾಗ ಎಂಜಿನ್ನು ಸುಲಭವಾಗಿಯೇ ಚಾಲನೆಗೊಂಡಿತು. ಆದರೆ ಆಕ್ಸಿಲರೇಟರನ್ನು ಬಿಟ್ಟರೂ ವೇಗ ಇಳಿಯದು. ತಾನಾಗಿಯೇ ಏರುತ್ತ ಹೋಗುವುದು. ಒಂದು ಗ್ಯಾರೇಜಿನಲ್ಲಿ ಇದು ಕಾರ್ಬುರೇಟರಿನ ದೋಷವೆಂದು ಹೊಸ ಕಾರ್ಬುರೇಟರನ್ನು ಹಾಕಿದರು. ಗುಣ ಕಾಣಲಿಲ್ಲ. ಮೂರನೆಯ ದಿನ ಸೌತ್ ಎಂಡ್ ವೃತ್ತದ ಬಳಿ ಓಡುತ್ತಿದ್ದ ಎಂಜಿನ್ನು ಒಮ್ಮೆಲೇ ಬಿಗಿದು ನಿಂತಿತು, ಹಿಂದಿನ ಚಕ್ರ ಜಾರಿತು. ಸವಾರರು ಬೀಳದೆ ಉಳಿದದ್ದು ಪುಣ್ಯ. ಮೆಕ್ಯಾನಿಕ್ಕರ ಭಾಷೆಯಲ್ಲಿ ಎಂಜಿನ್ನು ‘ಸೀಜ್’ ಆಗಿತ್ತು.

“ಕಾರ್ಬುರೇಟರಿನ ತಪ್ಪಿಲ್ಲ ಮೇಷ್ಟ್ರೇ, ಒಳಗೆ ಎಲ್ಲೋ ಗಾಳಿ ಎಳೀತಿದೆ,” ಎಂದರು ಹಿರಿಯರು.

ಈ ಮಾತಿನ ಅರ್ಥ ತಿಳಿಯಬೇಕಾದರೆ ಎರಡು ಹೊಡೆತದ ಎಂಜಿನ್ನು ಉಸಿರಾಡುವ ಬಗೆಯನ್ನು ನೋಡಬೇಕು. ಜಾವಾದ ಸಿಲಿಂಡರಿನ ಒಳವ್ಯಾಸ 65 ಮಿಲಿಮೀಟರು, ಪಿಸ್ಟನ್ನು ಚಲಿಸುವ ಉದ್ದ 75 ಮಿಲಿಮೀಟರು. ವಾಚಕರೇ ಗುಣಿಸಿ ನೋಡಬಹುದು: ಘನಗಾತ್ರ ಸುಮಾರು 249 ಘನ ಸೆಂಟಿಮೀಟರು. ಈ ಎಂಜಿನ್ನಿಗೆ ನಾಲ್ಕು ಹೊಡೆತದ ಎಂಜಿನ್ನಿಗಿರುವಂಥ ಕವಾಟಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ನೇ ಮೇಲೆ ಕೆಳಗೆ ಸರಿಯುತ್ತ ತೆರೆದು ಮುಚ್ಚುವುದು. ಪಿಸ್ಟನ್ನು ಮೇಲೇರಿದಾಗ ಅದರ ಕೆಳಗಿನ ಕ್ರ್ಯಾಂಕು ಕೋಶದಲ್ಲಿ ಒತ್ತಡ ಕಡಿಮೆಯಾಗಿ ಕಾರ್ಬುರೇಟರಿನಿಂದ ಗಾಳಿ, ಪೆಟ್ರೋಲುಗಳ ಮಿಶ್ರಣ ಒಳನುಗ್ಗುವುದು. ಕೆಳಗಿಳಿದಾಗ ಆ ಮಿಶ್ರಣ ಒತ್ತಲ್ಪಟ್ಟು ಪಕ್ಕದ ದಾರಿಗಳ ಮೂಲಕ ಮೇಲಿನ ಕೋಣೆಗೆ ಏರುವುದು. ಅಂದರೆ ಪಿಸ್ಟನ್ನಿನ ಮೇಲ್ಭಾಗ ಎಂಜಿನ್ನು, ಕೆಳಭಾಗ ಒಂದು ಪಂಪು!

ಪಂಪು ಸೋರಬಾರದು. ಆದರೆ ಕ್ರ್ಯಾಂಕು ದಂಡವು ಆ ಕೋಶದ ಎರಡೂ ಬದಿಯಿಂದ ಹೊರಗೆ ಹಾಯಬೇಕಷ್ಟೆ. ಬಲಗಡೆ ಡೈನಮೋ, ಎಡಗಡೆ ಕ್ಲಚ್ಚು. ದಂಡ ಹೊರಬರುವ ಎರಡೂ ಕಡೆ ಒಂದೊಂದು ರಬ್ಬರಿನ ಉಂಗುರವಿದೆ. ಇದನ್ನು ‘ಆಯಿಲ್ ಸೀಲ್’ ಎಂದು ಕರೆಯುವುದು ವಾಡಿಕೆ. ಇದರ ತೆಳುವಾದ ತುಟಿಯನ್ನು ಒಂದು ಸಣ್ಣ ಸ್ಪ್ರಿಂಗು ದಂಡಕ್ಕೆ ಒತ್ತಿಹಿಡಿದಿರುತ್ತದೆ. ವರ್ಷಗಟ್ಟಲೆ ನಿಂತ ವಾಹನದಲ್ಲಿ ರಬ್ಬರು ಗಟ್ಟಿಯಾಗಿ ಬಿರಿಯುವುದು. ಕ್ಲಚ್ಚಿನ ಕಡೆಯದು ಹೋದರೆ ಅಲ್ಲಿಯ ಎಣ್ಣೆಯನ್ನು ಎಂಜಿನ್ನು ಹೀರಿ ದಟ್ಟವಾದ ಬಿಳಿಹೊಗೆಯನ್ನು ಉಗುಳುವುದು. ಡೈನಮೋ ಕಡೆಯದು ಹೋದರೆ ಹೀರುವುದು ಬರಿಯ ಗಾಳಿಯನ್ನು. ಹೊಗೆ ಕಾಣಿಸದ ಈ ಎರಡನೆಯದೇ ಹೆಚ್ಚು ಅಪಾಯಕರ. ಏಕೆಂದರೆ ಮಿಶ್ರಣದಲ್ಲಿ ಗಾಳಿ ಹೆಚ್ಚಾದಂತೆ ಪೆಟ್ರೋಲಿನ ಪ್ರಮಾಣ ತಗ್ಗುವುದು. ಈ ಎಂಜಿನ್ನಿನ ಕೀಲೆಣ್ಣೆಯೂ ಪೆಟ್ರೋಲಿನಲ್ಲಿಯೇ ಬೆರೆತು ಬರುವುದರಿಂದ (ಲೀಟರಿಗೆ 30ರಿಂದ 40 ಮಿಲಿಲೀಟರು ಬೆರೆಸುವುದು ರೂಢಿ) ಎಣ್ಣೆಯ ಅಂಶವೂ ತಗ್ಗುವುದು. ಆವಿಯಾಗುತ್ತ ಒಳಭಾಗವನ್ನು ತಂಪಾಗಿಡುವ ಪೆಟ್ರೋಲು ಕಡಿಮೆ, ಘರ್ಷಣೆಯನ್ನು ತಗ್ಗಿಸುವ ಎಣ್ಣೆ ಕಡಿಮೆ. ಉಷ್ಣತೆ ಮಾತ್ರ ಹೆಚ್ಚು.

ಉಷ್ಣತೆ ಹೆಚ್ಚಿದರೆ ಪಿಸ್ಟನ್ನು ಏಕೆ ಬಿಗಿಯಬೇಕು? ಇಲ್ಲಿ ನಮ್ಮ ಪಠ್ಯಪುಸ್ತಕದ ರೇಖೀಯ ವ್ಯಾಕೋಚನದ ಸೂತ್ರ ಹಿತ್ತಲಿಗೆ ಬಂದಿತು. ಪಿಸ್ಟನ್ನು ಅಲ್ಯೂಮಿನಿಯಂ ಮಿಶ್ರಲೋಹದ್ದು, ಸಿಲಿಂಡರು ಎರಕದ ಕಬ್ಬಿಣದ್ದು. ಮೊದಲನೆಯದರ ವ್ಯಾಕೋಚನಾಂಕ ಎರಡನೆಯದರ ಸುಮಾರು ಎರಡರಷ್ಟು. 65 ಮಿಲಿಮೀಟರು ವ್ಯಾಸದ ಪಿಸ್ಟನ್ನು 100 ಡಿಗ್ರಿ ಸೆಲ್ಸಿಯಸ್ ಕಾವೇರಿದರೆ ಸುಮಾರು 0.14 ಮಿಲಿಮೀಟರು ಹಿಗ್ಗುವುದು. ಸಿಲಿಂಡರು ಅಷ್ಟೇ ಕಾವೇರಿದರೆ ಸುಮಾರು 0.07 ಮಿಲಿಮೀಟರು. ವ್ಯತ್ಯಾಸ 0.07 ಮಿಲಿಮೀಟರು, ಅಂದರೆ ಒಂದು ತಲೆಗೂದಲಿನ ದಪ್ಪ. ಎಂಜಿನ್ನು ತಣ್ಣಗಿರುವಾಗ ಪಿಸ್ಟನ್ನಿಗೂ ಗೋಡೆಗೂ ನಡುವೆ ಬಿಡುವ ಜಾಗವೂ ಹೆಚ್ಚುಕಡಿಮೆ ಇಷ್ಟೇ. ಸಾಲದುದಕ್ಕೆ, ಪಿಸ್ಟನ್ನು ಸಿಲಿಂಡರಿಗಿಂತ ಹೆಚ್ಚು ಕಾಯುವುದು. ಹೊರಗೆ ಗಾಳಿಗೆ ಮೈಯೊಡ್ಡಿದ ಸಿಲಿಂಡರಿನ ಅನುಕೂಲ ಅದಕ್ಕಿಲ್ಲ. ಜಾಗ ಮುಗಿದೊಡನೆ ಲೋಹಕ್ಕೆ ಲೋಹ ಅಂಟುವುದು. ಪೂರ್ಣವೇಗದಲ್ಲಿ, ನಿಮಿಷಕ್ಕೆ 4750 ಸುತ್ತುಗಳಲ್ಲಿ, ಈ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 12 ಮೀಟರಿನಷ್ಟು ಎಂಬುದನ್ನು ನೆನೆದರೆ ಆ ಅಂಟುವಿಕೆಯ ಪೆಟ್ಟು ಎಂಥದೆಂದು ಊಹಿಸಬಹುದು.

ಹಿರಿಯರ ಊಹೆಯನ್ನು ಪರೀಕ್ಷಿಸುವುದು ಕಷ್ಟವಾಗಲಿಲ್ಲ. ಬಿಗಿದ ಪಿಸ್ಟನ್ನು ತಣಿದ ಮೇಲೆ ಸಡಿಲಗೊಂಡಿತ್ತು. ಅದನ್ನು ತುತ್ತತುದಿಗೆ ಏರಿಸಿ ನಿಲ್ಲಿಸಿದೆವು. ಆಗ ಕ್ರ್ಯಾಂಕು ಕೋಶಕ್ಕೆ ತೆರೆದಿರುವ ದಾರಿ ಕಾರ್ಬುರೇಟರಿನ ಕಿಂಡಿಯೊಂದೇ. ಡೈನಮೋವನ್ನು ಕಳಚಿ, ಅದರ ಹಿಂದಿದ್ದ ಸೀಲಿನ ಸುತ್ತ ಸೋಪಿನ ನೀರನ್ನು ಸವರಿ, ಆ ಕಿಂಡಿಗೆ ರಬ್ಬರಿನ ಕೊಳವೆ ಸಿಕ್ಕಿಸಿ ಬಾಯಿಂದ ಊದಿದೆವು. (ಟೈರಿಗೆ ಗಾಳಿ ತುಂಬುವ ಯಂತ್ರವನ್ನು ಇಲ್ಲಿ ಬಳಸಕೂಡದು; ಒಳ್ಳೆಯ ಸೀಲೂ ಕಿತ್ತುಬಂದೀತು.) ದಂಡದ ಸುತ್ತ ಸಣ್ಣಸಣ್ಣ ಗುಳ್ಳೆಗಳು ಸಾಲಾಗಿ ಎದ್ದವು. ಹೊಸ ಕಾರ್ಬುರೇಟರಿಗೆ ಸುರಿದ ಹಣವೆಷ್ಟೋ, ಈ ಉಂಗುರದ ಬೆಲೆ ಅದರ ಒಂದಂಶವೂ ಆಗದು.

ಮುಂದಿನದು ಜೆ. ಸಿ. ರಸ್ತೆಯ ಪಾಲಿನ ಕೆಲಸ. ಪುರಭವನದ ಬದಿಯಿಂದ ಹೊರಟು ಮೋಟಾರು ಬಿಡಿಭಾಗಗಳ ಅಂಗಡಿಗಳನ್ನು ಇಕ್ಕೆಲಗಳಲ್ಲಿಯೂ ಹೊತ್ತಿರುವ ಈ ರಸ್ತೆ ಹಳೆಯ ವಾಹನಗಳ ಪಾಲಿಗೆ ಸಂಜೀವಿನಿ ಪರ್ವತವಿದ್ದಂತೆ. ಬೇಕಾದ ಬೇರು ಯಾವುದೆಂದು ತಿಳಿದು ಹೋಗಬೇಕು, ಅಷ್ಟೆ. ಸಿಲಿಂಡರಿನ ಗೋಡೆಯಲ್ಲಿ ಉದ್ದುದ್ದ ಗೀರುಗಳಾಗಿದ್ದುದರಿಂದ ಅದನ್ನು ಕೊರೆದು ಅಗಲಿಸಬೇಕಾಯಿತು. ಇದಕ್ಕೆಂದೇ ಕಾಲು ಮಿಲಿಮೀಟರಿನ ಹಂತಗಳಲ್ಲಿ ಹೆಚ್ಚು ದಪ್ಪದ ಪಿಸ್ಟನ್ನುಗಳು ದೊರೆಯುತ್ತವೆ. ನಮ್ಮ ಗೀರು ಆಳವಾಗಿತ್ತಾದ್ದರಿಂದ ಎರಡು ಹಂತ ದಾಟಿ 65.5ಕ್ಕೆ ಹೋದೆವು. ಮೊದಲು ಪಿಸ್ಟನ್ನು ಕೊಂಡು, ಅದನ್ನು ಮೈಕ್ರೊಮೀಟರಿನಿಂದ ಅಳೆದು, ಆ ಅಳತೆಗೆ ತಕ್ಕಂತೆ ಸಿಲಿಂಡರನ್ನು ಕೊರೆಯಿಸಬೇಕೆಂಬುದು ಹಿರಿಯರ ಕಟ್ಟಪ್ಪಣೆ. ಪೊಟ್ಟಣದ ಮೇಲೆ ಅಚ್ಚಾದ ಸಂಖ್ಯೆಯನ್ನು ನಂಬುವವನು ಮತ್ತೊಮ್ಮೆ ಅದೇ ವೃತ್ತದಲ್ಲಿ ನಿಲ್ಲುತ್ತಾನೆಂದು ಅವರು ನಕ್ಕರು. ನಮ್ಮ ಪ್ರಯೋಗಶಾಲೆಯ ವಿದ್ಯಾರ್ಥಿಗಳಿಗೆ ಶೂನ್ಯದೋಷವನ್ನು ಕುರಿತು ನಾವು ಇಷ್ಟು ಮನಮುಟ್ಟುವಂತೆ ಎಂದೂ ಹೇಳಿರಲಾರೆವು.

ಇನ್ನುಳಿದದ್ದು ಕಿಡಿಯ ಹೊತ್ತು. ಮಿಶ್ರಣ ಉರಿಯಲು ಸ್ವಲ್ಪ ಕಾಲ ಹಿಡಿಯುವುದರಿಂದ ಪಿಸ್ಟನ್ನು ತುದಿ ಮುಟ್ಟುವ ಮೊದಲೇ ಕಿಡಿ ಹಾರಬೇಕು. ಈ ಎಂಜಿನ್ನಿನಲ್ಲಿ ಸುಮಾರು 3 ಮಿಲಿಮೀಟರು ಮೊದಲು. ಕ್ರ್ಯಾಂಕಿನ ಕೋನದಲ್ಲಿ ಹೇಳುವುದಾದರೆ ಅದು ಸುಮಾರು 20 ಡಿಗ್ರಿ. ನಿಮಿಷಕ್ಕೆ 3000 ಸುತ್ತುಗಳ ವೇಗದಲ್ಲಿ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತ ತುಸು ಹೆಚ್ಚು. ಕಿಡಿ ಹುಟ್ಟುವುದು ‘ಪಾಯಿಂಟು’ ಎಂಬ ಎರಡು ಪುಟ್ಟ ಲೋಹದ ತುದಿಗಳು ಬೇರ್ಪಟ್ಟ ಕ್ಷಣದಲ್ಲಿ. ಅವುಗಳ ಅತಿ ಹೆಚ್ಚಿನ ಅಂತರ 0.4 ಮಿಲಿಮೀಟರು ಇರಬೇಕು. ಸವೆದು ಅಂತರ ಕಡಿಮೆಯಾದರೆ ಅವು ತಡವಾಗಿ ಬೇರ್ಪಡುವುವು, ಕಿಡಿಯೂ ತಡವಾಗುವುದು. ಆ ಕ್ಷಣವನ್ನು ಕಂಡುಹಿಡಿಯಲು ಹಿರಿಯರು ಬಳಸಿದ ಉಪಕರಣ ಸಿಗರೇಟಿನ ತೆಳುಕಾಗದದ ಒಂದು ಚೂರು! ಅದನ್ನು ಪಾಯಿಂಟುಗಳ ನಡುವೆ ಇಟ್ಟು ಮೆಲ್ಲನೆ ಎಳೆಯುತ್ತ ಎಂಜಿನ್ನನ್ನು ಕೈಯಿಂದ ತಿರುಗಿಸಿದರು. ಕಾಗದ ಹಿಡಿತ ತಪ್ಪಿ ಹೊರಬಂದಾಗ ಪಿಸ್ಟನ್ನು ಎಲ್ಲಿದೆಯೆಂದು ಪ್ಲಗ್ಗಿನ ರಂಧ್ರದಿಂದ ನಾವು ವರ್ನಿಯರಿನ ಕಡ್ಡಿ ಇಳಿಸಿ ಅಳೆದೆವು.

ಅಷ್ಟರಲ್ಲಿ ಅಧ್ಯಾಪಕರ ಮೊಮ್ಮಗ, ಇಂಜಿನಿಯರಿಂಗ್ ಓದುವ ಹುಡುಗ, ತನ್ನ ಬೇಡಿಕೆಗಳ ಪಟ್ಟಿಯನ್ನೇ ತಂದ. ತಾತನಿಗೆ ವಾಹನ ಇದ್ದಂತೆಯೇ ಇರಬೇಕು. ಮೊಮ್ಮಗನಿಗೆ ಅದು ಇಂದಿನ ರಸ್ತೆಗೆ ತಕ್ಕುದಾಗಬೇಕು. ಹಿತ್ತಲಿನಲ್ಲಿ ಸಣ್ಣ ಕುರುಕ್ಷೇತ್ರವೇ ನಡೆಯಿತು.

ಅವನ ಮೊದಲ ಬೇಡಿಕೆ 6 ವೋಲ್ಟಿನ ವಿದ್ಯುತ್ ವ್ಯವಸ್ಥೆಯನ್ನು 12 ವೋಲ್ಟಿಗೆ ಬದಲಿಸುವುದು. ಇದರಲ್ಲಿ ಹುಡುಗನದೇ ಸರಿ. 35 ವಾಟಿನ ದೀಪಕ್ಕೆ 6 ವೋಲ್ಟಿನಲ್ಲಿ ಸುಮಾರು 6 ಆಂಪಿಯರು ಪ್ರವಾಹ ಬೇಕು. ಹಳೆಯ ತಂತಿ, ತುಕ್ಕುಹಿಡಿದ ಸ್ವಿಚ್ಚುಗಳ ರೋಧ ಒಟ್ಟು 0.1 ಓಮ್ ಎಂದಿಟ್ಟುಕೊಂಡರೂ 0.6 ವೋಲ್ಟು ದಾರಿಯಲ್ಲೇ ಹೋಯಿತು. ಇದು ನೂರಕ್ಕೆ ಹತ್ತು. ತಂತು ದೀಪದ ಬೆಳಕು ವೋಲ್ಟೇಜಿಗಿಂತ ಬಹು ತೀವ್ರವಾಗಿ ಇಳಿಯುವುದರಿಂದ ಬೆಳಕಿನಲ್ಲಿ ನಷ್ಟ ನೂರಕ್ಕೆ ಮೂವತ್ತರಷ್ಟು. 12 ವೋಲ್ಟಿನಲ್ಲಿ ಅದೇ ದೀಪದ ಪ್ರವಾಹ ಅರ್ಧ, ನಷ್ಟವಾಗುವ ವೋಲ್ಟೇಜು ಅರ್ಧ. ಒಟ್ಟು ವೋಲ್ಟೇಜು ಇಮ್ಮಡಿಯಾದ್ದರಿಂದ ನಷ್ಟದ ಪ್ರಮಾಣ ನಾಲ್ಕನೆಯ ಒಂದು ಪಾಲು. ಮೇಲಾಗಿ, ಕಳಚಿದ ಹಳೆಯ ಭಾಗಗಳನ್ನು ಪೆಟ್ಟಿಗೆಯಲ್ಲಿಟ್ಟರೆ ಬೇಕಾದಾಗ ಮರಳಿ ಹಾಕಬಹುದು. ತಾತ ಒಪ್ಪಿದರು.

ಎರಡನೆಯದು ಪಾಯಿಂಟುಗಳ ಬದಲು ಎಲೆಕ್ಟ್ರಾನಿಕ್ ಕಿಡಿ. ಅದು ಸವೆಯದು, ನಿಜ. ಆದರೆ ಕೆಟ್ಟುನಿಂತರೆ ರಸ್ತೆಯ ಬದಿಯಲ್ಲಿ ಒಂದು ಅರದಿಂದ ಉಜ್ಜಿ ಸರಿಪಡಿಸುವಂತಿಲ್ಲ. ತೀರ್ಮಾನವನ್ನು ಮುಂದಕ್ಕೆ ಹಾಕಲಾಯಿತು.

ಮೂರನೆಯದನ್ನು ನಾವೇ ವಿರೋಧಿಸಿದೆವು. ಹೊಗೆ ಹೊರಹೋಗುವ ಕಿಂಡಿಯನ್ನು ಒಂದೆರಡು ಮಿಲಿಮೀಟರು ಮೇಲಕ್ಕೆ ಅರೆದರೆ ವೇಗ ಹೆಚ್ಚುತ್ತದೆಂದು ಹುಡುಗ ಓದಿದ್ದ. ಅದು ಸುಳ್ಳಲ್ಲ. ಕಿಂಡಿ ಬೇಗ ತೆರೆದು ತಡವಾಗಿ ಮುಚ್ಚಿದರೆ ಎಂಜಿನ್ನು ಹೆಚ್ಚಿನ ಸುತ್ತುಗಳಲ್ಲಿ ಚೆನ್ನಾಗಿ ಉಸಿರಾಡುವುದು. ಅದಕ್ಕೆ ಬೆಲೆಯಾಗಿ ಕಡಿಮೆ ಸುತ್ತುಗಳಲ್ಲಿ ಮಿಶ್ರಣವನ್ನು ಹಿಡಿದಿಡಲಾರದೆ ಶಕ್ತಿಗುಂದುವುದು. ಗಾಂಧಿಬಜಾರಿನ ಜನಸಂದಣಿಯಲ್ಲಿ ಬೇಕಾದುದು ಈ ಕಡಿಮೆ ಸುತ್ತಿನ ಶಕ್ತಿಯೇ. ಅಲ್ಲದೆ ಅರೆದ ಕಬ್ಬಿಣವನ್ನು ಮತ್ತೆ ಅಂಟಿಸಲಾಗದು.

ಹುಡುಗ ಸೋತರೂ ಒಂದು ಒಳ್ಳೆಯ ಪ್ರಶ್ನೆ ಕೇಳಿದ. “ಇದು ಹೊಗೆ ಉಗುಳುತ್ತದಲ್ಲ, ಇದನ್ನು ಓಡಿಸುವುದೇ ಸರಿಯೇ ತಾತ?” ಎರಡು ಹೊಡೆತದ ಎಂಜಿನ್ನಿನಲ್ಲಿ ಹೊಸ ಮಿಶ್ರಣ ಒಳಬರುವ ಹೊತ್ತಿಗೆ ಹೊರಗಿನ ಕಿಂಡಿಯೂ ತೆರೆದೇ ಇರುವುದರಿಂದ ಉರಿಯದ ಪೆಟ್ರೋಲಿನ ಒಂದು ಪಾಲು ನೇರವಾಗಿ ಬೀದಿಗೆ ಹೋಗುವುದು. 1996ರಲ್ಲಿಯೂ 2000ದಲ್ಲಿಯೂ ಹೊಗೆಯ ನಿಯಮಗಳು ಬಿಗಿಯಾದಾಗ ಈ ಬಗೆಯ ಎಂಜಿನ್ನುಗಳು ಹಿಂದೆ ಸರಿಯಬೇಕಾದದ್ದು ನ್ಯಾಯವೇ. ಸರಿಯಾದ ಸೀಲು, ಅಳೆದು ಬೆರೆಸಿದ ಎಣ್ಣೆ, ಹೊತ್ತಿಗೆ ಸರಿಯಾದ ಕಿಡಿ, ಇವು ಹೊಗೆಯನ್ನು ತಗ್ಗಿಸಬಲ್ಲವೇ ಹೊರತು ನೀಗಿಸಲಾರವು. ಇದನ್ನು ನಾವು ಮರೆಮಾಚದೆ ಹೇಳಿದೆವು. ದಿನನಿತ್ಯದ ಓಡಾಟಕ್ಕೆ ಮೆಟ್ರೋ ಇದೆ, ಜಾವಾ ಭಾನುವಾರಕ್ಕೆ ಮಾತ್ರ ಎಂದು ತಾತ ಮೊಮ್ಮಕ್ಕಳಲ್ಲಿ ಒಪ್ಪಂದವಾಯಿತು.

ಒಂದು ಭಾನುವಾರ ಎಂಜಿನ್ನನ್ನು ಚಾಲನೆಗೊಳಿಸಿದೆವು. ಆಕ್ಸಿಲರೇಟರನ್ನು ಬಿಟ್ಟೊಡನೆ ವೇಗ ಇಳಿದು ನಿಧಾನವಾದ ಬಡಿತಕ್ಕೆ ನಿಂತಿತು. ಹೊಸ ಪಿಸ್ಟನ್ನು ಗೋಡೆಗೆ ಹೊಂದಿಕೊಳ್ಳುವ ತನಕ ಮೊದಲ ಕೆಲವು ನೂರು ಕಿಲೋಮೀಟರು ಅವಸರಪಡಿಸದೆ, ನಡುನಡುವೆ ತಣಿಯಗೊಟ್ಟು ಓಡಿಸಬೇಕಾಗಿತ್ತು. ಅಧ್ಯಾಪಕರು ಬುಲ್ ಟೆಂಪಲ್ ರಸ್ತೆಯ ಏರನ್ನು ಹತ್ತಿ, ಬ್ಯೂಗಲ್ ರಾಕ್ ಸುತ್ತಿ ಹಿಂದಿರುಗಿದರು. ತಣಿದ ಮೇಲೆ ಹಿರಿಯರು ಪ್ಲಗ್ಗನ್ನು ಬಿಚ್ಚಿ ಬಿಸಿಲಿಗೆ ಹಿಡಿದರು. ಗಾಳಿ ಹೆಚ್ಚಾಗಿದ್ದರೆ ಅದರ ತುದಿ ಬೆಳ್ಳಗಿರುವುದು, ಪೆಟ್ರೋಲು ಹೆಚ್ಚಾಗಿದ್ದರೆ ಮಸಿಗಪ್ಪು. ಇದು ಹುರಿದ ಕಾಫಿಬೀಜದ ಬಣ್ಣಕ್ಕೆ ತಿರುಗಿತ್ತು. ಅವರು ಅದನ್ನು ಒರೆಸದೆ ಹಾಗೆಯೇ ಮರಳಿ ಹಾಕಿ, ಕ್ಲಚ್ಚಿನ ಕಡೆಯ ಸೀಲಿಗೂ ಅಷ್ಟೇ ವಯಸ್ಸಾಗಿದೆ, ಮುಂದಿನ ಭಾನುವಾರ ಅದನ್ನು ನೋಡೋಣ ಎಂದರು.