ಸುಳ್ಳು ಹಿಡಿಯುವ ಯಂತ್ರವೂ ನಂಬಿಕೆಯ ನೌಕರಿಯೂ

ರೋಣ, ನರಗುಂದ, ಗಜೇಂದ್ರಗಡಗಳಂಥ ಊರುಗಳಲ್ಲಿ ಹುಡುಗನೊಬ್ಬನಿಗೆ ಸರಕಾರಿ ನೌಕರಿ ಸಿಕ್ಕಿತೆಂದರೆ, ಪೇಢೆ ಹಂಚಿ ಮುಗಿಯುವುದರೊಳಗೆ ಪೊಲೀಸ್ ಠಾಣೆಯ ವಿಚಾರಣೆಯೂ ಬರುವುದುಂಟು. ಹುಡುಗ ಎಂಥವನು, ಅವನ ಮೇಲೆ ಖಟ್ಲೆ ಏನಾದರೂ ಇದೆಯೇ ಎಂದು ಕೇಳುತ್ತಾರೆ. ಓಣಿಯ ಹಿರಿಯರೊಬ್ಬರು, “ಹೀಗೆ ಮನೆಮನೆ ಕೇಳುವುದಕ್ಕಿಂತ ಯಂತ್ರದ ಮುಂದೆ ಕೂಡಿಸಿ ಸುಳ್ಳೋ ಖರೆಯೋ ನೋಡಬಾರದೇ?” ಎಂದಾರು. ಪ್ರಶ್ನೆ ಸಹಜವಾದದ್ದೇ.

ಪಾಲಿಗ್ರಾಫ್ ಎಂಬ ಆ ಯಂತ್ರ ಉಸಿರು, ನಾಡಿ, ರಕ್ತದೊತ್ತಡ, ಬೆವರು ಇವುಗಳ ಏರಿಳಿತವನ್ನು ಗುರುತಿಸುತ್ತದೆ. ಅದು ಅಳೆಯುವುದು ಮನಸ್ಸಿನ ಕಳವಳವನ್ನು, ಸುಳ್ಳನ್ನಲ್ಲ. ಅಂಜುಬುರುಕನಾದ ಸತ್ಯವಂತನ ನಾಡಿ ಏರಬಹುದು, ಪಳಗಿದ ಸುಳ್ಳುಗಾರನದು ಏರದಿರಬಹುದು. ಅಮೆರಿಕದ ಗುಪ್ತಚರ ಸಂಸ್ಥೆಯ ಆಲ್ಡ್ರಿಚ್ ಏಮ್ಸ್ ಸೋವಿಯತ್ ದೇಶಕ್ಕೆ ಗುಟ್ಟು ಮಾರುತ್ತಲೇ 1986 ಮತ್ತು 1991ರಲ್ಲಿ ಈ ಪರೀಕ್ಷೆ ದಾಟಿದ, ಸಿಕ್ಕಿಬಿದ್ದದ್ದು 1994ರಲ್ಲಿ. ಸಂಬಳಕ್ಕೆ ಮೀರಿ 5,40,000 ಡಾಲರ್ ನಗದು ಕೊಟ್ಟು ಆತ ಕೊಂಡ ಮನೆ ಯಂತ್ರಕ್ಕಿಂತ ಸ್ಪಷ್ಟವಾಗಿ ಮಾತಾಡುತ್ತಿತ್ತು. ನೌಕರರನ್ನು ಸೋಸುವುದಕ್ಕೆ ಇದನ್ನು ನೆಚ್ಚಲಾಗದೆಂದು ಅಲ್ಲಿಯ ರಾಷ್ಟ್ರೀಯ ಸಂಶೋಧನಾ ಮಂಡಳಿ 2003ರ ವರದಿಯಲ್ಲಿ ಹೇಳಿತು.

ಹಾಗಾದರೆ ಮಿದುಳನ್ನೇ ಓದಬಹುದಲ್ಲ? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಸಿ. ಆರ್. ಮುಕುಂದನ್ ಅಂಥದೊಂದು ವಿಧಾನವನ್ನು ರೂಪಿಸಿದರು. ಆದರೆ ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಣ ಮೊಕದ್ದಮೆಯಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟು, ಪಾಲಿಗ್ರಾಫ್, ಮಿದುಳಿನ ಪರೀಕ್ಷೆ, ಮಂಪರು ಪರೀಕ್ಷೆ ಇವುಗಳಿಗೆ ಯಾರನ್ನೂ ಬಲವಂತದಿಂದ ಒಳಪಡಿಸಕೂಡದೆಂದು ತೀರ್ಪಿತ್ತಿತು. ಆ ತೀರ್ಪು ಅಪರಾಧದ ತನಿಖೆಯನ್ನು ಕುರಿತದ್ದು. ಆದರೂ ಹೊಟ್ಟೆಪಾಡಿಗಾಗಿ ಬಂದವನ ಒಪ್ಪಿಗೆ ಎಷ್ಟರ ಮಟ್ಟಿಗೆ ಸ್ವಂತದ್ದೆಂಬುದನ್ನು ನಾವೇ ಯೋಚಿಸಬಹುದು.

ಉಳಿಯುವುದು ಹಳೆಯ ದಾರಿಯೇ: ಸರ್ಟಿಫಿಕೇಟು ಹಾಗೂ ಠಾಣೆಯ ದಾಖಲೆಗಳನ್ನು ತಾಳೆ ನೋಡುವುದು, ನೌಕರಿಗೆ ಸೇರಿದ ಮೇಲೆ ಆಸ್ತಿಯ ವಿವರವನ್ನು ಸಂಬಳದೊಡನೆ ತೂಗಿ ನೋಡುವುದು, ಎಲ್ಲ ಗುಟ್ಟೂ ಒಬ್ಬನ ಕೈಗೆ ಸಿಗದಂತೆ ಕೆಲಸ ಹಂಚುವುದು. ಈ ದಾರಿಯಲ್ಲಿಯೂ ಮುಳ್ಳುಂಟು. ಹೊಲದ ಬದುವಿನ ಜಗಳವನ್ನು ನೆರೆಯವನು ಅಂದು ತೀರಿಸಿಕೊಂಡಾನು. ಆದಕಾರಣ ಬಾಯಿಮಾತನ್ನಷ್ಟೇ ನಂಬದೆ, ಬರಹದ ಆಧಾರ ಕೇಳಿ, ಹುಡುಗನಿಗೂ ಉತ್ತರಿಸಲು ಅವಕಾಶ ಕೊಡುವುದು ನ್ಯಾಯ.

ಹುಡುಗನ ಪಾಲಿನ ಕರ್ತವ್ಯವೂ ಒಂದಿದೆ. ಅರ್ಜಿಯಲ್ಲಿ ಕೇಳಿದ ಸಂಗತಿಯನ್ನು ಮುಚ್ಚದೆ ನಿಜವನ್ನೇ ಬರೆಯಬೇಕೆಂದು ಅವತಾರ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2016ರಲ್ಲಿ ಹೇಳಿದೆ. ಜಾತ್ರೆಯ ಹೊಡೆದಾಟದ ಖಟ್ಲೆ ಖುಲಾಸೆಯಾಗಿದ್ದರೂ, ಕೇಳಿದ್ದರೆ ಬರೆಯತಕ್ಕದ್ದು. ಸಣ್ಣ ತಪ್ಪನ್ನು ಮೇಲಿನವರು ಮನ್ನಿಸಬಹುದು. ಮುಚ್ಚಿಟ್ಟದ್ದು ಹೊರಬಿದ್ದರೆ ಕೈಗೆ ಬಂದ ನೌಕರಿ ಹೋದೀತು.