ಪದ್ಯದಲ್ಲೊಂದು ಕಾದಂಬರಿ: ‘ದ ಗೋಲ್ಡನ್ ಗೇಟ್’ ಅನ್ನು ಕ್ಲಾಸಿನಲ್ಲಿ ಓದೋದು ಹೇಗೆ?

ಇವತ್ತು ಒಂದು ಪುಸ್ತಕದ ಬಗ್ಗೆ, ಅದನ್ನು ನಾಲ್ಕು ಜನ ಕೂತು ಓದುವ ರೀತಿಯ ಬಗ್ಗೆ ಮಾತಾಡೋಣ.

ಎಂ.ಟೆಕ್‌ನಲ್ಲಿ ನಾನು ತಗೊಂಡ ಸಾಹಿತ್ಯದ ಎಲೆಕ್ಟಿವ್‌ನಲ್ಲಿ ಓದಿದ್ದು ವಿಕ್ರಮ್ ಸೇಠ್ ಅವರ ‘ದ ಗೋಲ್ಡನ್ ಗೇಟ್’. 1986ರಲ್ಲಿ ಬಂದ ಇಂಗ್ಲಿಷ್ ಕಾದಂಬರಿ, ಆದರೆ ಪೂರ್ತಿ ಪದ್ಯ. ಒಟ್ಟು 590 ಸಾನೆಟ್. ಪರಿವಿಡಿ ಕೂಡ ಸಾನೆಟ್ಟೇ! ಸೇಠ್ ಸ್ಟ್ಯಾನ್‌ಫರ್ಡ್‌ನಲ್ಲಿ ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದವರು. ಪುಷ್ಕಿನ್‌ನ ‘ಯೆವ್ಗೆನಿ ಒನೇಗಿನ್’ ಕೃತಿಯನ್ನು ಚಾರ್ಲ್ಸ್ ಜಾನ್‌ಸ್ಟನ್ ಅವರ ಅನುವಾದದಲ್ಲಿ ಓದಿ, ಅದೇ ಪದ್ಯಬಂಧವನ್ನು ಕೈಗೆತ್ತಿಕೊಂಡರು.

ಆ ಬಂಧದ ಲೆಕ್ಕ ಸರಳ. 14 ಸಾಲು. ಮೊದಲ ನಾಲ್ಕರಲ್ಲಿ ಒಂದು ಬಿಟ್ಟು ಒಂದು ಸಾಲಿಗೆ ಪ್ರಾಸ. ಮುಂದಿನ ನಾಲ್ಕರಲ್ಲಿ ಜೋಡಿ ಜೋಡಿಯಾಗಿ. ಆಮೇಲಿನ ನಾಲ್ಕರಲ್ಲಿ ಹೊರಗಿನ ಎರಡು ಸಾಲು ಒಳಗಿನ ಎರಡನ್ನು ಅಪ್ಪಿಕೊಂಡಿರುತ್ತವೆ. ಕೊನೆಗೆ ಒಂದು ಜೋಡಿ. ಕಥೆ ಮುಂದೆ ಹೋಗ್ತಾ ಇರುತ್ತೆ, ಈ ಕೊನೆಯ ಜೋಡಿ ಹಲವು ಸಲ ಒಂದು ಚುಚ್ಚುಮಾತು ಹೇಳಿ ಬಾಗಿಲು ಹಾಕುತ್ತೆ.

ನಮಗಿದು ಹೊಸದಲ್ಲ. ಕುಮಾರವ್ಯಾಸ ಮಹಾಭಾರತದ ಕಥೆಯನ್ನು ಹೇಳಿದ್ದು ಭಾಮಿನಿ ಷಟ್ಪದಿಯಲ್ಲಿ, ಆರಾರು ಸಾಲಿನ ಪದ್ಯಗಳಲ್ಲಿ. ಅಲ್ಲಿ ಪ್ರಾಸ ಸಾಲಿನ ಎರಡನೇ ಅಕ್ಷರದಲ್ಲಿ, ಇಲ್ಲಿ ಸಾಲಿನ ಕೊನೆಯಲ್ಲಿ. ಅದಕ್ಕೇ ಓದುವ ರೀತಿಯನ್ನೂ ನಮ್ಮ ಗಮಕದಿಂದಲೇ ತಗೋಬಹುದು: ಒಬ್ಬರು ವಾಚನ, ಇನ್ನೊಬ್ಬರು ವ್ಯಾಖ್ಯಾನ. ಒಬ್ಬ ಒಂದು ಸಾನೆಟ್ ಗಟ್ಟಿಯಾಗಿ ಓದಲಿ. ಸಾಲು ಮುಗಿದಲ್ಲಿ ನಿಲ್ಲಬೇಡಿ, ವಾಕ್ಯ ಮುಗಿದಲ್ಲಿ ನಿಲ್ಲಿ. ಪಕ್ಕದವನು ‘ಏನಾಯ್ತು?’ ಅನ್ನೋದನ್ನು ಗದ್ಯದಲ್ಲಿ ಹೇಳಲಿ. ಆಮೇಲೆ ಎಲ್ಲರೂ ಸೇರಿ ನೋಡಿ: ಗದ್ಯ ಮಾಡಿದಾಗ ಏನು ಕಳೆದುಹೋಯಿತು? ನಗು ಹೋಯಿತೇ? ದುಃಖ ಹೋಯಿತೇ? ಚರ್ಚೆ ಶುರುವಾಗೋದೇ ಅಲ್ಲಿ.

ಈಗ ಕಥೆಗೆ ಬರೋಣ. ಜಾನ್‌ಗೆ 26 ವರ್ಷ, ಸಿಲಿಕಾನ್ ವ್ಯಾಲಿಯಲ್ಲಿ ಒಳ್ಳೇ ಕೆಲಸ, ಆದರೆ ಒಂಟಿ. ಗೆಳತಿ ಜಾನೆಟ್ ಅವನ ಪರವಾಗಿ ಪತ್ರಿಕೆಗೆ ಜಾಹೀರಾತು ಕೊಡ್ತಾಳೆ. ಊರು ಬಿಟ್ಟು ಪಿಜಿಯಲ್ಲಿ ಶನಿವಾರ ಕಳೆದವರಿಗೆ ಜಾನ್ ಯಾರು ಅಂತ ವಿವರಿಸಬೇಕಾಗಿಲ್ಲ. ಅವನ ಗೆಳೆಯ ಫಿಲ್, ಯುದ್ಧದ ಸರಂಜಾಮಿಗೆ ಸಂಬಂಧಿಸಿದ ಕೆಲಸ ಬಿಟ್ಟು ಅಣ್ವಸ್ತ್ರ ವಿರೋಧಿ ಚಳವಳಿಗೆ ಸೇರಿದವನು. ಇಬ್ಬರಿಗೂ ಈ ವಿಷಯದಲ್ಲಿ ಹೊಂದೋದಿಲ್ಲ.

ನಮ್ಮ ಕ್ಲಾಸಿನಲ್ಲಿ ಅತಿ ಹೆಚ್ಚು ಗದ್ದಲ ಎದ್ದಿದ್ದು ಇಲ್ಲೇ. ಕೆಲವರು ‘ಸಾಲ ಇದ್ದವನು ಫಿಲ್ ಆಗೋಕೆ ಸಾಧ್ಯವೇ?’ ಅಂದರು. ಇನ್ನು ಕೆಲವರು ‘ನಾನು ಬರೆದ ಕೋಡ್ ಎಲ್ಲಿಗೆ ಹೋಗುತ್ತೆ ಅಂತ ಕೇಳೋದೂ ನನ್ನ ಕೆಲಸವೇ’ ಅಂದರು. ಪ್ಲೇಸ್‌ಮೆಂಟ್‌ಗೆ ತಯಾರಾಗುತ್ತಿದ್ದ ನಮಗೆ ಅದು ಬರೀ ಪಠ್ಯದ ಪ್ರಶ್ನೆ ಆಗಿರಲಿಲ್ಲ. ಸೇಠ್ ತೀರ್ಪು ಕೊಟ್ಟು ಕೈತೊಳೆದುಕೊಳ್ಳೋದಿಲ್ಲ. ಜಾನ್‌ಗೂ ಫಿಲ್‌ಗೂ ಅದೇ 14 ಸಾಲು, ಅದೇ ಲಯ. ನಮಗೆ ಹಿಡಿಸದವನ ಮಾತನ್ನೂ ನಮ್ಮ ಬಾಯಲ್ಲೇ ಗಟ್ಟಿಯಾಗಿ ಓದಬೇಕು. ಹಾಗೆ ಓದಿದ ಮೇಲೆ ಅವನನ್ನು ಸುಮ್ಮನೆ ತಳ್ಳಿಹಾಕೋದು ಕಷ್ಟ. ಪದ್ಯವನ್ನು ಕ್ಲಾಸಿನಲ್ಲಿ ಓದೋದರ ಲಾಭ ಅದೇ ಅಂತ ನನಗನ್ನಿಸುತ್ತೆ.

ಪುಣೆಯಲ್ಲೋ ಹೈದರಾಬಾದಿನಲ್ಲೋ ನಾಲ್ಕು ಜನ ಸೇರಿದರೆ ಸಾಕು, ಶುರು ಮಾಡಬಹುದು. ವಾರಕ್ಕೆ 20 ಸಾನೆಟ್ ಓದಿದರೆ 30 ವಾರದಲ್ಲಿ ಪುಸ್ತಕ ಮುಗಿಯುತ್ತೆ. ಮುಂದಿನದು ಕುಮಾರವ್ಯಾಸನೇ ಆಗಲಿ!